ಅಕ್ಕನ ಸೈರನ್

ಕಟ್ಟುಕತೆಯಾಗಿದ್ದರೆ ನನ್ನನ್ನು ನಾನೇ ಇಷ್ಟು ಕೆಟ್ಟವನನ್ನಾಗಿ ಮಾಡಿಕೊಳ್ಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಮಹಾನವಮಿಯ ರಾತ್ರಿ, ಕೋಲ್ಕತ್ತದ ಸದರ್ನ್ ಅವೆನ್ಯೂ ಪಕ್ಕದ ನಮ್ಮ ಗಲ್ಲಿಯಲ್ಲಿ ನಡೆದದ್ದು. ಒಂದಕ್ಷರ ಸೇರಿಸಿಲ್ಲ.

ನಾನು ಉಡುಪಿ ಕಡೆಯವನು, ಇಲ್ಲಿ ಕೇಟರಿಂಗ್ ಮಾಡಿಕೊಂಡಿದ್ದೇನೆ. ತಾಯಿಯಿಲ್ಲದ ನನ್ನನ್ನು ಸಾಕಿದ್ದು ರತ್ನಕ್ಕ. ಲಕ್ವ ಹೊಡೆದು ಅವಳ ಮಾತು ಹೋಗಿತ್ತು, ಎಡಗೈ ಮಾತ್ರ ಆಡುತ್ತಿತ್ತು. ಆ ಕೈಗೆ ನಮ್ಮ ಕಾರಿನ ರಿಮೋಟ್ ಕೊಟ್ಟಿದ್ದೆ. ಎದೆ ಹಿಡಿದರೆ ಕೆಂಪು ಗುಂಡಿ ಒತ್ತುವುದು. ಗಲ್ಲಿಯಲ್ಲಿ ನಿಂತ ಕಾರು ಕಿರುಚುತ್ತದೆ, ಅಲ್ಲೇ ಕೆಳಗಿನ ಅಡುಗೆಮನೆಯಲ್ಲಿರುವ ನಾನು ಮೂರು ಮಹಡಿ ಹತ್ತಿ ಓಡುತ್ತೇನೆ. ಎರಡು ಸಲ ಅವಳ ಜೀವ ಉಳಿದದ್ದು ಹಾಗೆ.

ಅದನ್ನು ಹಾಳು ಮಾಡಿದವನೂ ನಾನೇ. ಇಲ್ಲಿಯವರ ಗಾಡಿ ಪೂಜೆ ದಸರೆಗೆ ಮೊದಲೇ, ವಿಶ್ವಕರ್ಮ ಪೂಜೆಗೇ ಮುಗಿಯುತ್ತದೆ. ನಮಗೆ ಆಯುಧಪೂಜೆಗೇ ಆಗಬೇಕು, ಕಾರಿನ ಎರಡೂ ಬದಿಗೆ ಬಾಳೆಕಂದು ನಿಲ್ಲಬೇಕು. ಬೆಳಿಗ್ಗೆ ದಾರಕ್ಕೆ ಅದು ನಿಲ್ಲಲಿಲ್ಲ. ನನ್ನ ಸಿಟ್ಟು ಗೊತ್ತಲ್ಲ, ಮೂಗಿನ ತುದಿಯಲ್ಲೇ! ಡ್ರಿಲ್ ತಂದು ಮುಂದಿನ ಜಾಲರಿಯ ಪಕ್ಕ ಎರಡು ಸ್ಕ್ರೂ ಹೊಡೆದು ಕಟ್ಟಿಬಿಟ್ಟೆ.

ರಾತ್ರಿ ಎಂಟರ ಹೊತ್ತಿಗೆ, ದಿನಾ ನೋಡುವ ಹಾಗೆ, ಅಕ್ಕನ ಕೈಯಿಂದ ಗುಂಡಿ ಒತ್ತಿಸಿದೆ. ಕಿಟಕಿಯಿಂದ ಬಗ್ಗಿ ನೋಡಿದರೆ ಕಾರಿನ ದೀಪಗಳು ಮಿನುಗುತ್ತಿದ್ದವು... ಸದ್ದೇ ಇಲ್ಲ.

"ಹತ್ತು ನಿಮಿಷ ಅಕ್ಕ, ಒತ್ತಿ ನೋಡ್ಲಿಕ್ಕೆ ರಿಮೋಟ್ ಬೇಕು, ಸರಿ ಮಾಡಿ ಈಗ ತಂದು ಕೊಡ್ತೇನೆ" ಎಂದೆ.

ಅವಳು ರಿಮೋಟ್ ಬಿಡಲಿಲ್ಲ. ಕಣ್ಣರಳಿಸಿ ಬೇಡವೆಂದು ತಲೆಯಾಡಿಸಿದಳು.

"ಎಂತ ಹಠ ಮಾರಾಯ್ತಿ ನಿಂದು!" ಎಂದು ಗದರಿ, ಒಂದೊಂದೇ ಬೆರಳು ಬಿಡಿಸಿ ಕಿತ್ತುಕೊಂಡೆ. ಹೆಂಡತಿ ಸುಮ ಮಗಳ ಜೊತೆ ಪೂಜೆಯ ಪಂಡಾಲಿಗೆ ಹೋಗಿದ್ದಳು. ಮನೆಯಲ್ಲಿ ಅಕ್ಕ ಒಬ್ಬಳೇ.

ಕೆಳಗೆ ಧೂಪದ ಹೊಗೆ, ದೂರದಲ್ಲಿ ಢಾಕ್ ಡೋಲಿನ ಬಡಿತ. ಗಲ್ಲಿಯಲ್ಲಿ ನಾನು ಮತ್ತು ಗೇಟು ಕಾಯುವ ದರ್ವಾನ್, ಇಬ್ಬರೇ. ಫ್ಯೂಸ್ ನೋಡಿದೆ, ಸರಿಯಿತ್ತು. ಟಾರ್ಚ್ ಹಿಡಿದು ಜಾಲರಿಯೊಳಗೆ ಇಣುಕಿದರೆ, ನನ್ನದೇ ಸ್ಕ್ರೂ ಸೈರನ್ನಿನ ತಂತಿಯನ್ನು ಸೀಳಿಕೊಂಡು ಹೋಗಿತ್ತು. ತಂತಿ ಪೂರ್ತಿ ಕಿತ್ತು, ಸೈರನ್ ಬಿಚ್ಚಿ ಕೈಗೆ ತೆಗೆದುಕೊಂಡೆ. ಬರೀ ಒಂದು ಪ್ಲಾಸ್ಟಿಕ್ ಡಬ್ಬಿ. ಕರೆಂಟಿಗೂ ಅದಕ್ಕೂ ಸಂಬಂಧವೇ ಉಳಿದಿರಲಿಲ್ಲ.

ಅದು ಕಿರುಚಿತು.

ಅಂಗೈಯೆಲ್ಲ ನಡುಗಿತು. ಸುಟ್ಟ ವಾಸನೆ... ಶಾರ್ಟ್ ಆಗಿದೆ ಎಂದುಕೊಂಡೆ. ತಂತಿಯೇ ಇಲ್ಲದ್ದು ಎಲ್ಲಿ ಶಾರ್ಟ್ ಆಗುತ್ತದೆ ಎಂದು ಆಗ ಹೊಳೆಯಲಿಲ್ಲ. ನಿಂತಿತು. ಎರಡನೆಯ ಸಲ ಕಿರುಚಿದಾಗ ಬಟ್ಟೆ ಸುತ್ತಿ ಅದುಮಿದೆ.

"ಕ್ಯಾ ಹುವಾ ದಾದಾ?" ದರ್ವಾನ್ ಎದ್ದು ಬಂದ.

"ಕೇಳ್ತಾ ಇಲ್ವಾ? ಯೇ ಆವಾಜ್!"

"ಕೌನ್ ಸಾ ಆವಾಜ್?" ಅವನು ನನ್ನ ಮುಖವನ್ನೇ ನೋಡಿದ. ಯಾವ ಸದ್ದೂ ಅವನಿಗೆ ಕೇಳಿರಲಿಲ್ಲ.

ಮೂರನೆಯ ಸಲ ಅದು ಕಿರುಚಲಿಲ್ಲ, ಎಳೆದೆಳೆದು ಕೂಗಿತು. "ಸಾಯಿ ಅತ್ಲಾಗೆ!" ಎಂದು ಬೈದು ಕಾರು ತೊಳೆಯುವ ಬಕೆಟ್ಟಿಗೆ ಅದ್ದಿಬಿಟ್ಟೆ. ನೀರೊಳಗೂ ಕೂಗುತ್ತಿತ್ತು. ಗುಳುಗುಳು ಎಂದು ಗುಳ್ಳೆಗಳೆದ್ದವು. ಎರಡೂ ಕೈಯಿಂದ ತಳಕ್ಕೆ ಒತ್ತಿ ಹಿಡಿದೆ. ಸದ್ದು ಸಣ್ಣಗಾಯಿತು, ಆಮೇಲೆ ನಿಂತಿತು.

ಮೇಲೆ ಅಕ್ಕ ಒಬ್ಬಳೇ ಇದ್ದಾಳೆಂದು ಹೊಳೆದದ್ದು ಆಗಲೇ. ಮೆಟ್ಟಿಲು ಹೇಗೆ ಹತ್ತಿದೆನೋ ದೇವರಿಗೇ ಗೊತ್ತು.

ಅಕ್ಕ ಮಂಚದಿಂದ ಅರ್ಧ ಜಾರಿದ್ದಳು. ಉಸಿರು ನಿಂತಿತ್ತು, ಮೈ ಇನ್ನೂ ಬೆಚ್ಚಗಿತ್ತು. ಬಾಯಿಯಿಂದ ನೊರೆ ಇಳಿದು ದಿಂಬು ಒದ್ದೆಯಾಗಿತ್ತು. ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಬಿಗಿಯಾಗಿ ಕೂತಿತ್ತು, ಉಗುರು ನಾಟಿ ಮೂರು ಕಡೆ ರಕ್ತ ಬಂದಿತ್ತು. ಅವಳು ಒತ್ತಬೇಕಾದ ಗುಂಡಿ ನನ್ನ ಜೇಬಿನಲ್ಲಿತ್ತು.

"ಹೃದಯ ಸೋತು ಶ್ವಾಸಕೋಶಕ್ಕೆ ನೀರು ತುಂಬಿದೆ. ಹೀಗಾಗುವುದುಂಟು" ಎಂದರು ಡಾಕ್ಟರು. ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದೂ ಹೇಳಿದರು. ವಾರದ ನಂತರ ಮೆಕ್ಯಾನಿಕ್ ಆ ಸೈರನ್ ಬಿಚ್ಚಿ ತೋರಿಸಿದ. ಒಳಗೆ ಬ್ಯಾಟರಿ ಇರಲಿಲ್ಲ. ತಂತಿಯಿಲ್ಲದೆ ಇದು ಪಿಟ್ಟೆನ್ನುವುದೂ ಸಾಧ್ಯವಿಲ್ಲ ಎಂದು ನಕ್ಕ. ಈಗ ಬೀದಿಯಲ್ಲಿ ಯಾರ ಕಾರು ಕೂಗಿಕೊಂಡರೂ ಮೂರು ಮಹಡಿ ಹತ್ತಿ ಓಡುತ್ತೇನೆ.

ಆ ರಾತ್ರಿ ಸುಮ ಅಳುತ್ತ ಒಂದೇ ಮಾತು ಕೇಳಿದ್ದಳು. "ನೀವು ಕೆಳಗೇ ಇದ್ರಲ್ಲ... ಅಕ್ಕ ಕರೆದದ್ದು ಎಂತದೂ ಕೇಳ್ಲಿಲ್ವಾ?"

"ಇಲ್ಲ" ಎಂದೆ.

ಅಕ್ಕ ಮೂರು ಸಲ ಕರೆದಿದ್ದಳು. ಮೂರನೆಯ ಸಲ, ಅವಳ ದನಿ ಅಡಗುವವರೆಗೂ ನಾನು ನೀರಿನಿಂದ ಕೈ ಎತ್ತಲಿಲ್ಲ...