ಆಡುಗಳಿಗೆ ಕಟ್ಟಿಸಿದ ಗೋಡೆ

ಬೆಳಿಗ್ಗೆ ಬಾಗಿಲು ತೆರೆದರೆ ನನ್ನ ಆರೂ ಆಡುಗಳು ಹೊಸ ಗೋಡೆಯ ಮೇಲೆ ಸಾಲಾಗಿ ನಡೆಯುತ್ತಿದ್ದವು! ಮೇಯ್ದು ಬೋಳಾದ ಅರ್ಧ ಹುಲ್ಲುಗಾವಲು ಈ ಮಳೆಗೆ ಸುಧಾರಿಸಿಕೊಳ್ಳಲಿ ಎಂದು ಹಿಂದಿನ ದಿನವಷ್ಟೇ ಸೊಂಟದೆತ್ತರದ ಗೋಡೆ ಕಟ್ಟಿಸಿ ಮುಗಿಸಿದ್ದೆ. ಹಾಸುಗಲ್ಲಿಗೆ ಹೆಸರಾದ ನಮ್ಮ ಶಹಾಬಾದಿನವರ ಚಾಳಿ ನೋಡಿ, ಸಂಜೆ ಕೂರಲಿಕ್ಕೆಂದು ಅದರ ಮೇಲೆ ನುಣುಪಾದ ಕಲ್ಲನ್ನೂ ಹಾಕಿಸಿದ್ದೆ.

ಆಡುಗಳು ಒಂದೊಂದಾಗಿ ಒಳಕ್ಕೆ ಜಿಗಿದು ಆಗಷ್ಟೇ ಚಿಗುರುತ್ತಿದ್ದ ಎಳೆ ಹುಲ್ಲಿಗೆ ಬಾಯಿ ಹಾಕಿದವು. ಜೀವಮಾನವೆಲ್ಲ ಆಡು ಸಾಕಿದ ಪಕ್ಕದ ಮನೆಯ ಖಾಸಿಂಬಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಗೋಡಿ ಎಲ್ಲಿ ಕಟ್ಟೀರಿ ಮಾಸ್ತರ್ರ? ಆಡಿಗೆ ಭಾಳ ಛಂದ ರಸ್ತಾ ಮಾಡಿಕೊಟ್ಟೀರಿ! ಆ ಕಲ್ಲು ತೆಗೀರಿ, ಒಣ ಜಾಲಿಮುಳ್ಳು ಹೇರ್ರಿ.”

ಹೇರಿದೆ. ಈಗ ಒಳಗೆ ಹುಲ್ಲು ಮೊಣಕಾಲುದ್ದ ಬೆಳೆದಿದೆ. ಆಡುಗಳು ಹೊರಗೆ ನಿಂತು ಅದನ್ನೇ ನೋಡುತ್ತವೆ. ಸಂಜೆ ಕೂರಲು ಜಾಗವಿಲ್ಲದೆ ನಾನೂ ಅವುಗಳ ಪಕ್ಕದಲ್ಲೇ ನಿಂತು ನೋಡುತ್ತೇನೆ.