ಏಸಿ ನಿಂತರೆ ಕೂರಬೇಕು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ನಿನ್ನೆ ಮಧ್ಯಾಹ್ನ ಅಬುಧಾಬಿಯ ಮಗಳ ಮನೆಯಲ್ಲಿ ಏಸಿ ಗಕ್ಕನೆ ನಿಂತಿತು. ನೀರು ಕುಡಿಯಲು ಅಡುಗೆಮನೆಗೆ ಹೊರಟಿದ್ದವನು ಹತ್ತಿರದ ಕುರ್ಚಿಯಲ್ಲಿ ತಟ್ಟನೆ ಕೂತುಬಿಟ್ಟೆ.

"ಎಂಥ ಅಪ್ಪ, ತಲೆ ತಿರುಗಿತಾ?" ಎಂದು ಮಗಳು ಓಡಿ ಬಂದಳು.

"ಇಲ್ಲ ಮಾರಾಯ್ತಿ, ಏಸಿ ನಿಂತಿತಲ್ಲ, ಅದಕ್ಕೆ."

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಏಸಿ ನಿಂತರೆ ಮನುಷ್ಯ ಯಾಕೆ ಕೂರಬೇಕು ಎಂದು ನೀವೂ ಕೇಳಬಹುದು. ಹೇಳುತ್ತೇನೆ. ಸ್ವಲ್ಪ ಸುತ್ತು ಬಳಸಿ ಬರುತ್ತೇನೆ. ನೆಟ್ಟಗೆ ಬರಲು ಧೈರ್ಯ ಸಾಲದು.

ಹತ್ತನೇ ತರಗತಿ ಪಾಸು ಮಾಡಿ ದುಬೈಗೆ ಬಂದವನು ನಾನು. ಹಗಲು ಸತ್ವಾದ ಟೈಲರ್ ಅಂಗಡಿಯಲ್ಲಿ ಕೆಲಸ. ವೀಸಾ ಆ ಅಂಗಡಿಯದು. ಸಂಜೆ ಕರಾಮದ ಹಳೆಯ ಕಟ್ಟಡವೊಂದರಲ್ಲಿದ್ದ ಖಾಸಗಿ ಇಂಗ್ಲಿಷ್ ತರಬೇತಿ ಕೇಂದ್ರದಲ್ಲಿ ಪಾರ್ಟ್‌ಟೈಮ್. ಫೋನ್ ಎತ್ತುವುದು, ಚಹಾ ಮಾಡುವುದು, ಬೋರ್ಡ್ ಒರೆಸುವುದು. ಕಲಿಯಲು ಬರುತ್ತಿದ್ದವರು ಟ್ಯಾಕ್ಸಿ ಓಡಿಸುವವರು, ಅಂಗಡಿಗಳಲ್ಲಿ ನಿಲ್ಲುವವರು, ಸಲೂನಿನ ಹುಡುಗಿಯರು. ದಿನವಿಡೀ ದುಡಿದು ಬಂದು ಬೆಂಚಿನಲ್ಲಿ ತೂಕಡಿಸುತ್ತಲೇ ಕಲಿಯುತ್ತಿದ್ದರು. ಕಲಿಸುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಟೀಚರ್. ಅವರ ಗಂಡ ರುವೈಸ್‌ನ ರಿಫೈನರಿಯಲ್ಲಿ ಟೆಕ್ನಿಷಿಯನ್, ವಾರಕ್ಕೊಮ್ಮೆ ಮನೆಗೆ ಬರುವವರು. ಟೀಚರ್ ಇದ್ದದ್ದು ಗಂಡನ ವೀಸಾದಲ್ಲಿ. ಅಂದರೆ ಆ ಕೇಂದ್ರದಲ್ಲಿ ಕೆಲಸ ಮಾಡಲು ಪರ್ಮಿಟ್ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಈಗ ಪಾರ್ಟ್‌ಟೈಮಿಗೂ ಪರ್ಮಿಟ್ ಕೊಡುತ್ತಾರಂತೆ. ಆಗ ನಮಗಿದ್ದದ್ದು ಏಸಿಯ ಸ್ವಿಚ್ ಒಂದೇ.

ಅದು ಕೇಂದ್ರದ ಮಾಲೀಕರ ಏರ್ಪಾಟು. ತಪಾಸಣೆಯವರು ಬಂದರೆ ನಾನು ಹೊರಗಿನಿಂದ ತರಗತಿಯ ಏಸಿ ಆರಿಸಬೇಕು. ಸದ್ದು ನಿಂತ ಕೂಡಲೇ ಟೀಚರ್ ಮಾರ್ಕರ್ ಕೆಳಗಿಟ್ಟು, ಬೆಂಚಿನಲ್ಲಿ ಕೂತು, ತಾವೂ ಒಬ್ಬ ವಿದ್ಯಾರ್ಥಿನಿಯಾಗಬೇಕು.

ಒಮ್ಮೆ ಬೇಸಗೆಯಲ್ಲಿ ಏಸಿ ತಾನಾಗಿಯೇ ಕೆಟ್ಟಿತು. ಟೀಚರ್ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಸಲೂನಿನ ಹುಡುಗಿಯರ ನಡುವೆ ತೂರಿಕೊಂಡರು. ಎಲ್ಲರೂ ಉಸಿರು ಬಿಗಿಹಿಡಿದು ಬಾಗಿಲು ನೋಡುತ್ತಿದ್ದರೆ, ಒಳಗೆ ಬಂದದ್ದು ಚಹಾದ ಟ್ರೇ ಹಿಡಿದ ನಾನು. ಪೇಶಾವರದ ಟ್ಯಾಕ್ಸಿಯವನು, "ಟೀಚರ್, ಅಬ್ ಕೌನ್ ಪಢಾಯೇಗಾ?" ಎಂದ, ಇನ್ನು ಪಾಠ ಮಾಡುವವರು ಯಾರು ಎಂಬಂತೆ.

ಟೀಚರ್ ಕೂತಲ್ಲಿಂದಲೇ ನನ್ನತ್ತ ಕೈ ತೋರಿಸಿ, "ಯೇ ಹೈ ನಾ, ನಯಾ ಸರ್!" ಎಂದರು.

ನಾನೂ ಬಿಡಲಿಲ್ಲ. ಟ್ರೇ ಇಟ್ಟು ಬೋರ್ಡಿನ ಮುಂದೆ ನಿಂತು, ಅವರೇ ನನಗೆ ತಿದ್ದಿ ತಿದ್ದಿ ಕಲಿಸಿದ್ದ ವಾಕ್ಯವನ್ನು ಪಾಠ ಮಾಡಿದೆ: "ಮೇ ಐ ನೋ ಹೂ ಈಸ್ ಕಾಲಿಂಗ್?" ಫೋನಿನಲ್ಲಿ ನಾನದನ್ನು ಎಂಥ ಗತ್ತಿನಿಂದ ಹೇಳುತ್ತಿದ್ದೆನೆಂದರೆ, ಮಾಲೀಕರ ಹೆಂಡತಿಯೇ ಒಂದು ಸಲ ಹೆದರಿ ಫೋನ್ ಇಟ್ಟಿದ್ದರು.

ತಪಾಸಣೆಯವರು ನಿಜವಾಗಿಯೂ ಬಂದ ಸಂಜೆ ನಾನು ಸ್ವಿಚ್ಚಿನ ಪಕ್ಕದಲ್ಲೇ ಇದ್ದೆ. ಮೆಟ್ಟಿಲಿನಲ್ಲಿ ಇಬ್ಬರು ಅಧಿಕಾರಿಗಳು ಹತ್ತಿ ಬರುವುದು ಕಂಡಿತು. ಕೈ ಎತ್ತಿದೆ ಕೂಡ. ಆದರೆ ಏಸಿ ಆರಿಸಿದವನು ಯಾರು ಎಂದು ಅವರು ಕೇಳಿದರೆ? ಕೈ ಇಳಿಸಿದೆ. ಹಿಂದಿನ ಮೆಟ್ಟಿಲಿಳಿದು ಬೀದಿಗೆ ಬಂದಾಗ ತರಗತಿಯ ಕಿಟಕಿಯ ಏಸಿ ನನ್ನ ತಲೆಯ ಮೇಲೆ ನೀರು ತೊಟ್ಟಿಕ್ಕುತ್ತ ಓಡುತ್ತಲೇ ಇತ್ತು. ಒಳಗೆ ಟೀಚರ್ ನಿಶ್ಚಿಂತೆಯಿಂದ ಪಾಠ ಮಾಡುತ್ತಿದ್ದರು. ಹೊರಗೆ ನಾನಿದ್ದೇನೆಂಬ ನಿಶ್ಚಿಂತೆ ಅದು.

ಕೇಂದ್ರ ಮುಚ್ಚಿತು. ಬೋರ್ಡಿನ ಮುಂದೆಯೇ ಸಿಕ್ಕಿಬಿದ್ದ ಟೀಚರ್ ಅವರ ವೀಸಾ ರದ್ದಾಯಿತು. ಊರಿಗೆ ಹೊರಡುವ ಮುನ್ನಾದಿನ ಅವರು ಸತ್ವಾದ ಅಂಗಡಿಗೆ ಫೋನ್ ಮಾಡಿದರು. ಅಭ್ಯಾಸಬಲದಿಂದ "ಮೇ ಐ ನೋ..." ಎಂದೆ.

ಆ ಕಡೆಯಿಂದ ನಗು. "ಈಗ ಸರಿ ಹೇಳ್ತೀರಿ ಅಣ್ಣ! ನಾನು ಮಾರಾಯ್ರೆ, ಟೀಚರ್. ನೀವು ಸಿಕ್ಕಿಬೀಳ್ಲಿಲ್ಲ ಅಲ್ವಾ?"

"ಇಲ್ಲ."

"ಅಬ್ಬ, ಬಚಾವ್. ನಂಗೆ ನಿಮ್ಮದೇ ಹೆದರಿಕೆ ಇತ್ತು. ಇವರು ರುವೈಸ್‌ನಲ್ಲೇ ಇರ್ತಾರೆ, ನಾನು ಮಾತ್ರ ನಾಳೆ ಹೋಗುವುದು. ಅಲ್ಲ ಅಣ್ಣ, ಅವತ್ತು ಏಸಿ ಯಾಕೆ ನಿಲ್ಲಲಿಲ್ಲ?"

"ಸ್ವಿಚ್ ಹಾಳಾಗಿತ್ತು ಟೀಚರ್."

"ನಾನೂ ಹಾಗೇ ಅಂದ್ಕೊಂಡೆ. ಆ ಬಿಲ್ಡಿಂಗಲ್ಲಿ ಎಂಥ ಸರಿ ಉಂಟು ಹೇಳಿ!"

ನನ್ನ ಸುಳ್ಳಿಗೆ ಅವರೇ ಸಾಕ್ಷಿ ನಿಂತರು. ಅಂದಿನಿಂದ ಎಲ್ಲಿ ಏಸಿ ನಿಂತರೂ, ಅವರು ಕೂರಬೇಕಿದ್ದ ಹಾಗೆ ನಾನು ಕೂರುತ್ತೇನೆ.

ಇವತ್ತು ಬೆಳಿಗ್ಗೆ ಮೆಕ್ಯಾನಿಕ್ ಬಂದ. ಮಗಳ ಮನೆಯ ಏಸಿಯಲ್ಲಿ ಕೆಟ್ಟಿದ್ದದ್ದು ಸ್ವಿಚ್ಚೇ. "ಖಲಾಸ್" ಎಂದು ಹಳೆಯದನ್ನು ಬಿಚ್ಚಿ ನನ್ನ ಕೈಗಿಟ್ಟ. ಹಾಳಾದ ಸ್ವಿಚ್ ಹೇಗಿರುತ್ತದೆಂದು ಈ ವಯಸ್ಸಿನಲ್ಲಿ ನೋಡಿದೆ. ಒಳಗೆ ಸುಟ್ಟು ಕಪ್ಪಾಗಿತ್ತು. ಒತ್ತಿದರೆ ಸದ್ದೇ ಇಲ್ಲ. ಅದನ್ನು ಹಿಡಿದುಕೊಂಡೇ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟು, "ಅವರ ಹೆಸರೆಂಥ ಅಪ್ಪ?" ಎಂದಳು.

ಗಮನಿಸಿರಬಹುದು, ಇಲ್ಲಿಯವರೆಗೆ ನಿಮಗೂ ನಾನು ಹೆಸರು ಹೇಳಿಲ್ಲ. ಹೆಸರು ಹಿಡಿದು ಕರೆದರೆ ಅವರು ತಿರುಗಿ ನನ್ನನ್ನು ನೋಡುತ್ತಾರೆಂಬ ಹೆದರಿಕೆ. ನೋಡಲಿ. ಕರಾಮದ ಆ ಸ್ವಿಚ್ ಸರಿಯಾಗಿಯೇ ಇತ್ತು, ಜೆಸಿಂತಾ ಟೀಚರ್.