ಕೆರೆ ಏರಿಯ ಹೊಂಗೆ ಗಿಡಗಳು

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಾಗ ನನಗಿದ್ದದ್ದು ಒಂದೇ ಆಸೆ, ತಿಪಟೂರಿನಲ್ಲೇ ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳುವುದು. ಸರ್ಕಾರಿ ಲೆಕ್ಕಪರಿಶೋಧನೆಯ ಪರೀಕ್ಷೆ ಬರೆದದ್ದು ಗೆಳತಿಯ ಒತ್ತಾಯಕ್ಕೆ. ‘ಒಬ್ಳೇ ತುಮಕೂರಿಗೆ ಹೋಗಕ್ಕೆ ಬೇಜಾರು ಕಣೇ, ನೀನೂ ಅರ್ಜಿ ಹಾಕು’ ಅಂದಿದ್ದಳು. ಕೆಲಸ ಅವಳಿಗೆ ಸಿಗಲಿಲ್ಲ, ನನಗೆ ಸಿಕ್ಕಿತು. ಕಾಲೇಜಿನಲ್ಲಿ ಜಾಗ ಖಾಲಿಯಾಗುವ ತನಕ ಇರಲಿ ಎಂದು ಸೇರಿಕೊಂಡೆ.

ಮೊದಲ ಎರಡು ತಿಂಗಳು ರಸೀದಿ ನೋಡಿ ನೋಡಿ ಆಕಳಿಸಿದೆ. ಆಮೇಲೊಂದು ದಿನ ಹಿರಿಯ ಅಧಿಕಾರಿಯೊಬ್ಬರ ಜೊತೆ ಚಿಕ್ಕನಾಯಕನಹಳ್ಳಿ ಕಡೆಯ ಪಂಚಾಯಿತಿಯೊಂದಕ್ಕೆ ಹೋದೆ. ಕೆರೆ ಏರಿಯ ಕೆಳಗೆ ಮೂರು ವರ್ಷದ ಹಿಂದೆ ಹೊಂಗೆ ಸಸಿ ನೆಟ್ಟ ಲೆಕ್ಕ ಕಡತದಲ್ಲಿತ್ತು. ಗಿಡವನ್ನೇ ನೆಟ್ಟಿಲ್ಲವೆಂದು ಯಾರೋ ದೂರು ಕೊಟ್ಟಿದ್ದರಿಂದ, ನೀರು ಹಾಕಿದ ಹೆಂಗಸಿನ ಕೂಲಿ ತಡೆಹಿಡಿದಿದ್ದರು.

ಹೋಗಿ ನೋಡಿದರೆ ಆಳೆತ್ತರದ ಗಿಡ ಒಂದೂ ಇಲ್ಲ, ಮೊಣಕಾಲುದ್ದದ ಪೊದೆಗಳಷ್ಟೆ. ‘ಇವು ತಾವಾಗೇ ಹುಟ್ಟಿದ್ವು. ಕೆಲ್ಸ ಆಗಿಲ್ಲ ಅಂತ ಬರ್ಕೊಳಮ್ಮ’ ಅಂದರು ಅಧಿಕಾರಿ.

ನೀರು ಹಾಕಿದ ಹೆಂಗಸು ಅಲ್ಲೇ ನಿಂತಿದ್ದರು. ‘ಕುರಿ ಮೇದ್ಬುಟ್ವು ಕಣವ್ವಾ. ಆದ್ರೂ ನಾನು ನೀರು ಹಾಕದು ಬುಡ್ಲಿಲ್ಲ’ ಅಂದರು.

ನಾನು ಮಣ್ಣಲ್ಲಿ ಮಂಡಿಯೂರಿ ಒಂದು ಪೊದೆಯ ಬುಡ ಕೆದಕಿದೆ. ಹೆಬ್ಬೆರಳು ಗಾತ್ರದ ಹಳೆಯ ಕಾಂಡ, ತುದಿ ಕಡಿದುಹೋಗಿ ಒಣಗಿದೆ. ಅದರ ಪಕ್ಕದಿಂದಲೇ ಹೊಸ ಚಿಗುರು! ಇನ್ನೊಂದು ಕೆದಕಿದೆ, ಹಾಗೇ. ಮುಂದಿನದೂ ಹಾಗೇ. ಹೊಂಗೆಯನ್ನು ಮೇಲೆ ಕಡಿದರೂ ಬುಡದಿಂದ ಮತ್ತೆ ಒಡೆಯುತ್ತದೆ ಎಂದು ನಾನು ಓದಿದ್ದೆ. ಎದ್ದು ನಿಂತು ಸಾಲಿನುದ್ದಕ್ಕೂ ಕಣ್ಣಾಡಿಸಿದೆ.

‘ಸಾರ್, ಇವು ನೆಟ್ಟ ಗಿಡಗಳೇ! ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಇದೆ ನೋಡಿ, ಎಲ್ಲಾ ಒಂದೇ ಅಳತೆ!’

ಅವರು ಹೆಜ್ಜೆ ಹಾಕಿ ಅಳೆದರು. ಆರು ಕಡೆ ಬಗ್ಗಿ ನೋಡಿದರು. ಕೊನೆಗೆ ಕಡತ ನನ್ನ ಕೈಲಿಟ್ಟು, ‘ಕಂಡಿದ್ದನ್ನ ನೀನೇ ಬರಿ’ ಅಂದರು. ಏರಿಯ ಕಲ್ಲಿನ ಮೇಲೆ ಕೂತು, ಕೆಲಸ ನಡೆದಿದೆ, ಕೂಲಿ ಕೊಡಬಹುದು ಎಂದು ಬರೆದೆ. ಮುಂದಿನ ತಿಂಗಳು ಆ ಹೆಂಗಸಿಗೆ ಕೂಲಿ ಸಂದಾಯವಾಯಿತು.

ಗಿಡ ನೋಡಿದ ದಿನ ಸಂಜೆ, ವಾಪಸ್ಸು ಬರುತ್ತಾ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುವಾಗ ನನ್ನ ಉಗುರಲ್ಲಿನ್ನೂ ಮಣ್ಣಿತ್ತು. ಸುಮ್ಮನೆ ನಿಲ್ಲಲು ಆಗುತ್ತಿರಲಿಲ್ಲ.

‘ನಾಳೆ ಯಾವ ಪಂಚಾಯ್ತಿ ಸಾರ್?’

‘ನಾಳೆ ಭಾನುವಾರ ಕಣಮ್ಮ’ ಎಂದು ಅವರು ನಕ್ಕರು.